ಬಡಿಸುವ ಯಂತ್ರಕ್ಕೆ ಬುದ್ಧಿ ಬಂದದ್ದು

"ಇನ್ಮೇಲೆ ಈ ಮನೇಲಿ ಸುಳ್ಳು ಉಪಚಾರ ನಡೆಯಲ್ಲ" ಎಂದು ನಮ್ಮ ಭಾವ ಫಣಿಭೂಷಣರು ಘೋಷಿಸಿದಾಗ ನಾನು ಅವರ ಊಟದ ಮೇಜಿನ ಮುಂದೆ ಹಸಿದು ಕೂತಿದ್ದೆ. ಪಾಲಿಟೆಕ್ನಿಕ್ಕಿನಲ್ಲಿ ಗಣಿತ ಪಾಠ ಹೇಳಿ ನಿವೃತ್ತರಾದ ಮೇಲೆ ಅವರಿಗೆ ಯಂತ್ರದ ಹುಚ್ಚು ಹಿಡಿದಿದೆ. ಈ ಸಲದ್ದು ಬಡಿಸುವ ಯಂತ್ರ. ಚಕ್ರಗಳು, ಉಕ್ಕಿನ ಕೈಗಳು, ಸೌಟು, ಮಾತಾಡಲು ಹಳೇ ರೇಡಿಯೋದ ಸ್ಪೀಕರು, ಎದೆಯ ಮೇಲೊಂದು ತಿರುಗಿಸುವ ಗುಂಡಿ. ಎಡಕ್ಕೆ ತಿರುಗಿಸಿದರೆ ತರ್ಕ, ಬಲಕ್ಕೆ ತಿರುಗಿಸಿದರೆ ಮನಸ್ಸು.

"ಮಧ್ಯೆ ಇಟ್ರೆ?" ಎಂದೆ.

"ಮುಟ್ಬೇಡ. ಎರಡೂ ಒಟ್ಟಿಗೆ ಓಡಿದ್ರೆ ತಲೆ ಕೆಡುತ್ತೆ."

"ಯಾರದ್ದು?"

"ಯಂತ್ರದ್ದು ಕಣಯ್ಯ. ನಿಂದು ಆಗ್ಲೇ ಕೆಟ್ಟಿದೆ."

ಗುಂಡಿ ಎಡಕ್ಕಿತ್ತು. "ಇಡ್ಲಿ ಬೇಕೆ?" ಎಂದಿತು ಯಂತ್ರ. ಅಭ್ಯಾಸಬಲದಿಂದ "ಅಯ್ಯೋ, ಬೇಡ" ಎಂದೆ. ಇಡ್ಲಿ ತಟ್ಟೆ ಸೀದಾ ಅಡುಗೆಮನೆಗೆ ವಾಪಸು ಹೋಯಿತು. ಎರಡು ಸಲ ಬೇಡ ಅನ್ನದೆ ನಮ್ಮಲ್ಲಿ ಯಾರು ತಿನ್ನುತ್ತಾರೆ? ಮರ್ಯಾದಸ್ಥರ ಮನೆಯಲ್ಲಿ ಬೆಳೆದದ್ದೇ ನನ್ನ ತಪ್ಪಾಯಿತು.

ಅವತ್ತೇ ಅವರ ಮಗಳು ಅರುಂಧತಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅರುಂಧತಿಗೆ ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ. ಮದುವೆಯಾದರೆ ಕೆಲಸ ಬಿಡಬೇಕೆಂದು ಗಂಡಿನ ಕಡೆಯವರು ಮೊದಲೇ ಹೇಳಿ ಕಳಿಸಿದ್ದರು. ಅವಳು ಈ ಸಂಬಂಧ ಬೇಡವೆಂದು ವಾರದಿಂದ ಹೇಳುತ್ತಲೇ ಇದ್ದಳು.

"ನೀನಾದ್ರೂ ಅಮ್ಮನಿಗೆ ಹೇಳು ಮಾವ."

"ನಾನೂ ಬೇಡ ಬೇಡ ಅಂತ್ಲೇ ನಿಮ್ಮಪ್ಪನ್ನ ಕಟ್ಕೊಂಡಿದ್ದು" ಎಂದಳು ನನ್ನ ಅಕ್ಕ ವಿಶಾಲಾಕ್ಷಿ, ಕೇಸರಿಬಾತಿಗೆ ತುಪ್ಪ ಸುರಿಯುತ್ತ. "ಹುಡುಗೀರು ಇನ್ನೇನಂತಾರೆ?"

ಭಾವ ಕೆಮ್ಮಿ ಯಂತ್ರವನ್ನು ಒರೆಸತೊಡಗಿದರು.

ಬಂದವರು ಮೂವರು: ಸೇತುರಾಯರು, ಅವರ ಹೆಂಡತಿ ಕಾವೇರಮ್ಮ, ಮಗ ಪ್ರಹ್ಲಾದ. ಯಂತ್ರ ಉಪ್ಪಿಟ್ಟು, ಕೇಸರಿಬಾತ್ ತಂದಿಟ್ಟು "ಬೇಕೆ?" ಎಂದಿತು.

"ಛೇ ಛೇ, ಏನೂ ಬೇಡ. ಈಗ ತಾನೇ ತಿಂದ್ಕೊಂಡು ಬಂದ್ವಿ" ಎಂದರು ರಾಯರು.

ತಟ್ಟೆಗಳು ಹಿಂದೆ ಸರಿದವು. ಚಾಚಿದ್ದ ಕಾವೇರಮ್ಮನ ಕೈ ಗಾಳಿಯಲ್ಲೇ ಉಳಿಯಿತು.

"ತಿಂದು ಬಂದೆವು ಎಂದಿರಿ. ನಿಮ್ಮ ಹೊಟ್ಟೆ ಸದ್ದು ಮಾಡುತ್ತಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ" ಎಂದಿತು ಯಂತ್ರ.

ರಾಯರ ಮುಖ ಕೆಂಪಗಾಯಿತು. "ರೀ, ಅದನ್ನ ತಿರುಗಿಸ್ರೀ" ಎಂದು ಅಕ್ಕ ಹಲ್ಲು ಕಚ್ಚಿದಳು. ಭಾವ ಗಾಬರಿಯಿಂದ ಗುಂಡಿಯನ್ನು ಪೂರಾ ಬಲಕ್ಕೆ ತಿರುಗಿಸಿದರು.

ಯಂತ್ರದ ದನಿ ಒಮ್ಮೆಲೇ ಒದ್ದೆಯಾಯಿತು. "ಸಂಕೋಚ ಪಟ್ಕೋಬೇಡಿ, ನಿಮ್ಮನೆ ಅಂದ್ಕೊಳ್ಳಿ" ಎಂದು ಸೌಟುಗಟ್ಟಲೆ ಸುರಿಯಿತು. ರಾಯರು ಸಾಕೆಂದರು, ಇನ್ನೊಂದು ಸೌಟು ಬಿತ್ತು. ತಟ್ಟೆಗೆ ಕೈ ಅಡ್ಡ ಹಿಡಿದರು, ಕೈಮೇಲೆ ಬಿತ್ತು. ಪ್ರಹ್ಲಾದ ಎದ್ದು ಸೋಫಾದ ಸುತ್ತ ಓಡಿದ. "ನನ್ಮೇಲೆ ಕೋಪಾನಾ ಕಂದಾ?" ಎಂದು ಬಿಕ್ಕುತ್ತ ಯಂತ್ರ ಬೆನ್ನು ಹತ್ತಿತು. ಅವನ ಜೇಬಿನಲ್ಲಿ ಉಪ್ಪಿಟ್ಟು, ಕಾವೇರಮ್ಮನ ಮಡಿಲಲ್ಲಿ ಕೇಸರಿಬಾತ್.

ಈ ಗದ್ದಲದಲ್ಲೂ ಕಾವೇರಮ್ಮ ಬಂದ ಕೆಲಸ ಮರೆಯಲಿಲ್ಲ. "ಏನಮ್ಮಾ, ನಮ್ಮ ಹುಡುಗ ಒಪ್ಪಿಗೆ ತಾನೆ?"

"ಇಲ್ಲಮ್ಮ, ನಂಗೆ ಈ ಸಂಬಂಧ ಬೇಡ" ಎಂದಳು ಅರುಂಧತಿ.

"ಪಾಪ, ನಾಚಿಕೆ" ಎಂದು ರಾಯರು ನಕ್ಕರು. ಅಕ್ಕನೂ ನಕ್ಕಳು. ಯಂತ್ರವಂತೂ "ಒಪ್ಕೊಂಡ್ಬಿಟ್ಳು!" ಎಂದು ಕೂಗಿ, ಸ್ಪೀಕರಿನಲ್ಲಿ ಗಟ್ಟಿಮೇಳ ಹಾಕಿ, ತಾಂಬೂಲದ ತಟ್ಟೆ ಎತ್ತಿಕೊಂಡಿತು. ತಾಂಬೂಲ ಕೈ ಬದಲಾದರೆ ಮದುವೆಯ ಮಾತು ಮುಗಿದ ಹಾಗೆ. ಅರುಂಧತಿಯ ಕಣ್ಣು ತುಂಬಿತ್ತು. ಎದ್ದವಳೇ ಯಂತ್ರದ ಎದೆಗೆ ಕೈಹಾಕಿ ಗುಂಡಿಯನ್ನು ಮಧ್ಯಕ್ಕೆ ತಂದು ನಿಲ್ಲಿಸಿದಳು.

"ಅಯ್ಯೋ, ಸುಟ್ಟುಹೋಗುತ್ತೆ ಕಣೇ" ಎಂದರು ಭಾವ.

ಗಟ್ಟಿಮೇಳ ನಿಂತಿತು. ಯಂತ್ರ ನಡುಗಿತು, ಸ್ವಲ್ಪ ಹೊಗೆಯಾಡಿತು. ಆಮೇಲೆ ನಿಧಾನವಾಗಿ ಒಬ್ಬೊಬ್ಬರ ಮುಖವನ್ನೂ ನೋಡಿತು.

"ರಾಯರು ಬೇಡ ಅಂದರು, ಅವರ ಕಣ್ಣು ತಟ್ಟೆಯ ಮೇಲಿತ್ತು. ಆದ್ದರಿಂದ ಅವರಿಗೆ ಹಸಿವು. ಈ ಮಗು ಬೇಡ ಅಂದಳು, ಅವಳ ಕಣ್ಣು ಬಾಗಿಲ ಮೇಲಿದೆ. ಆದ್ದರಿಂದ ಅವಳಿಗೆ ಬೇಡ."

ಯಂತ್ರ ತಾಂಬೂಲವನ್ನು ಕೆಳಗಿಟ್ಟು, ಸೋಫಾವನ್ನು ಅದರಲ್ಲಿ ಕೂತಿದ್ದ ದಂಪತಿಗಳ ಸಮೇತ ಎತ್ತಿ, ಇನ್ನೊಂದು ಕೈಯಲ್ಲಿ ಪ್ರಹ್ಲಾದನನ್ನು ಸೊಂಟ ಹಿಡಿದು, ಗೇಟಿನಾಚೆ ರಸ್ತೆಯ ಮೇಲೆ ಜೋಪಾನವಾಗಿ ಇಳಿಸಿ ಬಂತು. ರಾಯರ ತೊಡೆಯ ಮೇಲೆ ತುಂಬಿದ ತಟ್ಟೆಯಿಟ್ಟು ಬರುವುದನ್ನು ಮರೆಯಲಿಲ್ಲ.

ಪ್ರಹ್ಲಾದ ಜೇಬು ಕೊಡವುತ್ತ ಹೇಳಿದ: "ನಂಗೂ ಬೇಡ ಅಂತ ಮನೇಲಿ ಬಡ್ಕೊಂಡೆ ಅಪ್ಪ. ನೀವು ಸಂಕೋಚ ಅಂದ್ರಿ."

ರಾಯರು ತಿನ್ನುತ್ತಿದ್ದರು.

ಒಳಗೆ ಅಕ್ಕ ಮಗಳ ಗಲ್ಲ ಹಿಡಿದು ಅವಳ ಕಣ್ಣನ್ನೇ ದಿಟ್ಟಿಸಿದಳು. "ನಿಜವಾಗ್ಲೂ ಬೇಡ್ವೇನೇ?"

"ಬೇಡಮ್ಮ."

"ಸರಿ ಬಿಡು, ಬೇಡ" ಎಂದು ಮಗಳನ್ನು ತಬ್ಬಿಕೊಂಡಳು.

ಯಂತ್ರ ಅವತ್ತೇ ಸುಟ್ಟುಹೋಯಿತು. ಅಕ್ಕ ಮಾತ್ರ ಈಗ ಯಾರಿಗೆ ಏನು ಬಡಿಸುವ ಮುಂಚೆಯೂ ಸೌಟು ಹಿಡಿದು ಅವರ ಕಣ್ಣನ್ನೇ ನೋಡುತ್ತ ನಿಲ್ಲುತ್ತಾಳೆ. ಮನೆಗೆ ನೆಂಟರು ಬರುವುದು ಬಹಳ ಕಡಿಮೆಯಾಗಿದೆ.