ಯುವರಾಜ ಇನ್ನೂ ಎದ್ದಿಲ್ಲ

ಎಲ್ಲರೂ ಓದಬಲ್ಲ ಮನೆಯಲ್ಲಿ ಪುಸ್ತಕದಿಂದ ಪೇಚೇನೂ ಆಗುವುದಿಲ್ಲ. ಒಬ್ಬರು ಓದಿ ಇನ್ನೊಬ್ಬರು ಕೇಳುವ ಮನೆಯಲ್ಲಿ ಮಾತ್ರ ತಿಂಗಳಿಗೊಂದಾದರೂ ಆಗಿಯೇ ತೀರುತ್ತದೆ. ನಮ್ಮದು ಅಂಥ ಮನೆಯಾಗಿತ್ತು. ಓದುವವನು ನಾನು, ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೆ ಓದು ಮುಗಿಸಿದವನು. ಕೇಳುವವಳು ನಮ್ಮಮ್ಮ. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ, ಆದರೆ ಕಥೆಯ ವಿಷಯದಲ್ಲಿ ಅವಳನ್ನು ಏಮಾರಿಸುವವರು ಇರಲಿಲ್ಲ.

ಆಗ ಪೀಣ್ಯದಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ನಾಗಸಂದ್ರದ ಮನೆಯಿಂದ ನಡೆದುಕೊಂಡೇ ಹೋಗಿ ಲೇತ್ ಮಷೀನಿನ ಮುಂದೆ ನಿಲ್ಲುತ್ತಿದ್ದೆ. ದಾರಿಯಲ್ಲಿ, ತುಮಕೂರು ರಸ್ತೆಯ ಮಗ್ಗುಲಿಗೆ, ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಒಂದು ಪೆಟ್ಟಿಗೆ ಅಂಗಡಿ. ಅಂಗಡಿಯವನು ನಮ್ಮೂರಿನವನೇ. ರಾಗಿ ಹೊಲವೆಲ್ಲ ಕಾರ್ಖಾನೆಗೆ ಹೋದ ಮೇಲೆ ಪುಸ್ತಕಕ್ಕೆ ಇಳಿದಿದ್ದ. ಹೊಸ ಚಿತ್ರಕಥೆ ಬಂದ ದಿನ ಬಾಗಿಲಿಗೆ ಒಂದು ಸ್ಲೇಟು ನೇತುಹಾಕಿ ಅದರ ಹೆಸರು ಬರೆಯುತ್ತಿದ್ದ. ಕೆಲಸ ಬಿಟ್ಟು ಬರುವಾಗ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಸ್ಲೇಟಿನ ಮೇಲೆ.

ಪೂಜೆಯಾದ ಪುಸ್ತಕ

ಮೊದಲ ಸಲ ತಂದದ್ದು ದೇವರ ಕಥೆ. ಪ್ರತಿ ಪುಟದಲ್ಲೂ ಬಣ್ಣದ ಚಿತ್ರ. ನಾನು ಕೈಗೆ ಕೊಡುತ್ತಿದ್ದಂತೆ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಸ್ನಾನ ಮಾಡದೆ ಮುಟ್ಟಬಾರದು, ಮಲಗಿಕೊಂಡು ಓದಬಾರದು, ದೀಪ ಹಚ್ಚಿ ಓದಬೇಕು ಎಂದು ಕಟ್ಟುಪಾಡು ಮಾಡಿದಳು. ನಮ್ಮಪ್ಪ ಪುರಾಣ ಓದುತ್ತಿದ್ದ ವ್ಯಾಸಪೀಠ ಅಟ್ಟದಿಂದ ಇಳಿಯಿತು. ಎರಡು ದಿನದ ಮೇಲೆ ಪುಸ್ತಕ ವಾಪಸ್ಸು ಕೊಟ್ಟೆ.

ಮುಂದಿನ ವಾರ ಅಂಗಡಿಯವನು ನನ್ನನ್ನು ತಡೆದು ನಿಲ್ಲಿಸಿದ.

"ಅಣ್ಣ, ಪುಸ್ತಕದಾಗೆ ದೇವ್ರು ಎಲ್ಲೆಲ್ಲವ್ನೋ ಅಲ್ಲೆಲ್ಲ ಹಣೆಗೆ ಕುಂಕುಮ ಬಿದ್ದದೆ. ಯಾರ ಕೆಲಸ?"

ನಾನು ತಲೆ ತಗ್ಗಿಸಿದೆ. "ಅಮ್ಮ ಕಣಪ್ಪ. ಪುಸ್ತಕ ಕೆಟ್ಟೋಯ್ತಾ?"

"ಕೆಟ್ಟಿದ್ರೆ ಒರೆಸ್ಕೊಳ್ತಿದ್ದೆ. ನೀವು ಕೊಟ್ಟ ಮ್ಯಾಲೆ ತಗೊಂಡೋದ ಯಮ್ಮ ಕೊಡಲ್ಲ ಅಂತ ಕುಂತವ್ಳೆ. ಪೂಜೆ ಆಗಿರೋ ದೇವ್ರನ್ನ ಮನೆಯಿಂದ ಆಚೆ ಕಳಿಸಬಾರದಂತೆ. ಇನ್ನ ಮೇಲೆ ನಿಮ್ಮಮ್ಮಂಗೆ ಬರೀ ರಾಕ್ಷಸರ ಪುಸ್ತಕ ಕೊಡ್ತೀನಿ!"

ಮಂತ್ರಿಯ ಮನಸ್ಸು

ಚಿತ್ರಕಥೆಯಲ್ಲಿ ಆಡುವ ಮಾತಿನ ಸುತ್ತ ಒಂದು ಬಗೆಯ ಗೆರೆ, ಮನಸ್ಸಿನಲ್ಲಿ ಅಂದುಕೊಂಡ ಮಾತಿನ ಸುತ್ತ ಮೋಡದಂಥ ಗೆರೆ. ಅಮ್ಮ ಚಿತ್ರ ನೋಡುತ್ತಾ ಕೂತವಳು ಕೇಳಿದಳು:

"ಈ ಮಂತ್ರಿ ತಲೆ ಮ್ಯಾಗೆ ಇದೇನ್ಲಾ ಹೊಗೆ?"

"ಅದು ಹೊಗೆಯಲ್ಲಮ್ಮ. ಅವನು ಮನಸ್ಸಿನಲ್ಲಿ ಅಂದುಕೊಳ್ತಿರೋದು. ರಾಜನಿಗೆ ವಿಷ ಹಾಕಬೇಕು ಅಂತ."

ಅಮ್ಮ ಗಾಬರಿಯಾದಳು. "ಮತ್ತೆ ಅಂಗ್ ಕಿರುಚ್ಕೊಂಡು ಓದ್ತೀಯಲ್ಲೋ! ರಾಜ ಪಕ್ಕದಾಗೇ ಕುಂತವ್ನೆ. ಮೆಲ್ಲಗೆ ಓದು."

ಅಂದಿನಿಂದ ಮೋಡ ಬಂದ ಕಡೆಯೆಲ್ಲ ನಾನು ಪಿಸುಗುಟ್ಟಿ ಓದುವುದಾಯಿತು. ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ನನ್ನ ಹೆಂಡತಿಗೆ ಅಷ್ಟು ಕಥೆ ತಪ್ಪಿಹೋಗುತ್ತಿತ್ತು. ಒಂದು ದಿನ ಅವಳು ಬಾಗಿಲಿಗೆ ಬಂದು ನಿಂತು ಹೇಳಿದಳು:

"ಹೋಗಲಿ ಬಿಡಿ. ಈ ಮನೇಲಿ ಮನಸ್ಸಿನಾಗಿರೋದನ್ನ ಮೆಲ್ಲಗೆ ಹೇಳೋನು ಆ ಮಂತ್ರಿ ಒಬ್ಬನಾದ್ರೂ ಅವ್ನಲ್ಲ!"

ಅತ್ತೆಗೆ ಅದು ಕೇಳಿಸಿತು. ಕೇಳಿಸಲೆಂದೇ ಹೇಳಿದ್ದು.

ಮುಚ್ಚಬಾರದ ಪುಟ

ಇಲ್ಲಿಂದ ಮುಂದೆ ನಗುವುದು ನನಗೆ ಸ್ವಲ್ಪ ಕಷ್ಟ. ಆದರೂ ಹೇಳುತ್ತೇನೆ.

ಪುರಾಣ ಓದುವ ಮನೆಗಳಲ್ಲಿ ಒಂದು ನೇಮವಿದೆ. ಸಾವಿನ ಪ್ರಸಂಗದಲ್ಲಿ, ದುಃಖದ ಪ್ರಸಂಗದಲ್ಲಿ ಓದು ನಿಲ್ಲಿಸಿ ಪುಸ್ತಕ ಮುಚ್ಚುವಂತಿಲ್ಲ. ಗಂಟಲು ಬಿದ್ದುಹೋದರೂ ಸರಿ, ಮದುವೆಯೋ ಪಟ್ಟಾಭಿಷೇಕವೋ ಬರುವವರೆಗೆ ಓದಿ, ಮಂಗಳ ಹಾಡಿಯೇ ಮುಚ್ಚಬೇಕು. ಒಂದು ಶ್ರಾವಣದಲ್ಲಿ ನಮ್ಮಪ್ಪ ಗುಡಿಯ ಜಗಲಿಯಲ್ಲಿ ಓದುತ್ತಿದ್ದಾಗ ಧೋ ಎಂದು ಮಳೆ ಸುರಿಯಿತು. ಪುಸ್ತಕ ನೆನೆಯುತ್ತದೆಂದು ಅವನು ಥಟ್ಟನೆ ಮುಚ್ಚಿಬಿಟ್ಟ. ಕಥೆಯಲ್ಲಿ ಆಗ ಒಬ್ಬ ವೀರ ಸತ್ತು ಬಿದ್ದಿದ್ದ. ದೀಪಾವಳಿ ಬರುವುದರೊಳಗೆ ಅಪ್ಪನೂ ಹೋದ. ಜ್ವರ ಅಂದರು ವೈದ್ಯರು. ಅಮ್ಮ ಒಪ್ಪಲಿಲ್ಲ.

ಇದು ಗೊತ್ತಿದ್ದೂ ನಾನು ಸ್ಲೇಟು ನೋಡಿ ಹೊಸ ಪುಸ್ತಕ ತಂದೆ. ಅದು ಎರಡು ಭಾಗದ ಕಥೆಯೆಂದು ಗಮನಿಸಿರಲಿಲ್ಲ. ಕೊನೆಯ ಪುಟದಲ್ಲಿ ಯುವರಾಜನಿಗೆ ಹಾವು ಕಚ್ಚಿ, ಅವನು ಉಸಿರಿಲ್ಲದೆ ಬಿದ್ದಿದ್ದಾನೆ. ಕೆಳಗೆ, 'ಉಳಿದ ಕಥೆ ಬರುವ ತಿಂಗಳು.'

ನಾನು ಹಿಂದಿನ ರಕ್ಷಾಪುಟ ತಿರುಗಿಸಿ ನೋಡಿದೆ. ಅಮ್ಮ, "ಓದ್ಲಾ" ಅಂದಳು.

"ಇಷ್ಟೇ ಅಮ್ಮ ಇರೋದು."

"ಇಷ್ಟೇನಾ? ಅವ್ನು ಬಿದ್ದವ್ನಲ್ಲೋ!"

ಮುಚ್ಚಲು ಹೋದ ನನ್ನ ಕೈಯನ್ನು ಅವಳು ಹಿಡಿದುಕೊಂಡಳು. "ನಿಮ್ಮಪ್ಪಂಗೆ ಆದದ್ದು ಸಾಲ್ದಾ? ಈಗ ಓದ್ತಿರೋನು ನೀನು, ತಟ್ಟೋದು ನಿಂಗೇ. ಮುಚ್ಚಬ್ಯಾಡ."

ಪುಸ್ತಕ ತೆರೆದೇ ಉಳಿಯಿತು, ವ್ಯಾಸಪೀಠದ ಮೇಲೆ, ಯುವರಾಜನ ಪುಟದಲ್ಲಿ. ಗಾಳಿಗೆ ಹಾಳೆ ಮಗುಚದಂತೆ ಎರಡು ಕಡೆಯೂ ಅಡಿಕೆ ಇಟ್ಟಳು. ಅಂಗಡಿಯವನು ಕೇಳಲು ಮನೆಗೇ ಬಂದರೆ, "ಆ ಹುಡುಗನ್ನ ಎಬ್ಬಿಸಿ ಕೊಡಪ್ಪ, ಆಮ್ಯಾಕೆ ನಿನ್ನ ಪುಸ್ತಕ ತಗೊಂಡೋಗು" ಅಂದಳು. ಒಂದು ತಿಂಗಳು ಕಳೆಯಿತು, ಎರಡಾಯಿತು. ಅಚ್ಚುಕೂಟದಲ್ಲಿ ಕೆಲಸ ನಿಂತಿದೆ ಎಂದು ಕೆಲವರು, ಆ ಚಿತ್ರಕಥೆಗಳೇ ನಿಂತುಹೋದವು ಎಂದು ಕೆಲವರು. ಅಂಗಡಿಯವನು ದಾರಿಯಲ್ಲಿ ಹೋಗುವಾಗೆಲ್ಲ, ಕಾಯಿಲೆಯವರನ್ನು ವಿಚಾರಿಸುವ ಹಾಗೆ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಅಮ್ಮೋ, ಯುವರಾಜ ಎಂಗವ್ನೆ?"

ಒಳಗಿಂದ ಉತ್ತರ: "ಅಂಗೇ ಮಲಗವ್ನೆ ಕಣಪ್ಪ. ನಿನ್ ಕಡೆ ವೈದ್ಯ ಇನ್ನೂ ಬರ್ಲಿಲ್ಲ!"

ಚಿಕ್ಕಬಾಣಾವರದ ಹಾಲು

ನಿಜವಾದ ವೈದ್ಯರು ಬರಬೇಕಾಯಿತು, ಅಮ್ಮನಿಗೆ. ಉಬ್ಬಸ ಹೆಚ್ಚಾಗಿ ಮಲಗಿದವಳು ಏಳಲಿಲ್ಲ. ಹೃದಯ ಸೋತಿದೆ, ಮನೆಯಲ್ಲೇ ನೋಡಿಕೊಳ್ಳಿ ಅಂದರು. ಕಣ್ಣೂ ಮಂಜಾಗಿತ್ತು. ಆದರೂ ಬೆಳಿಗ್ಗೆ ನಾನು ಟಿಫನ್ ಡಬ್ಬಿ ಹಿಡಿದು ಹೊರಟರೆ, "ಮಷೀನ್ ಮುಂದೆ ಉಷಾರು ಕಣ್ಲಾ. ಅವ್ನಿನ್ನೂ ಎದ್ದಿಲ್ಲ" ಅನ್ನುತ್ತಿದ್ದಳು. ಅವಳಿಗೆ ತನ್ನ ಚಿಂತೆ ಇರಲಿಲ್ಲ. ಪುಸ್ತಕ ಹಾಗೇ ಬಿಟ್ಟು ತಾನು ಹೋದರೆ ಮಗನ ಗತಿಯೇನು ಎಂಬುದೊಂದೇ.

ಅಂಗಡಿಯವನು ಒಂದು ಭಾನುವಾರ ಬೆಳಿಗ್ಗೆ ಬಂದು, ಒಂದು ಪತ್ತೇದಾರಿ ಚಿತ್ರಕಥೆಯನ್ನು ನನ್ನ ಕೈಗಿಟ್ಟು ಪಿಸುಗುಟ್ಟಿದ: "ಅಣ್ಣ, ಎರಡನೇ ಭಾಗ ಬರೋ ಅಂಗೆ ಕಾಣ್ಸಲ್ಲ. ಇದನ್ನ ಇಡ್ಕೊಂಡು ನೀವೇ ಎಬ್ಬಿಸಿಬಿಡಿ."

ದೇವರ ದೀಪದ ಮುಂದೆ ಸುಳ್ಳು ಓದುವುದೇ? ದೀಪಕ್ಕೆ ಅಡ್ಡಬಿದ್ದು ತಪ್ಪೊಪ್ಪಿಕೊಂಡು ಕೂತೆ. ಹೊಸ ಪುಸ್ತಕ ಬಂತಮ್ಮ ಅಂದೆ. ಅವಳು ತಡವರಿಸಿ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿ ರಕ್ಷಾಪುಟಕ್ಕೆ ಹಚ್ಚಿದಳು. ಪಿಸ್ತೂಲು ಹಿಡಿದ ಕಳ್ಳನ ಹಣೆಗೆ ಸರಿಯಾಗಿ ಬಿತ್ತು. ನನ್ನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದಳು. ಅಂಗಡಿಯವನು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ.

ಓದಿದೆ. ಋಷಿಯೊಬ್ಬ ಬಂದ, ವಿಷ ಇಳಿಸಿದ. ಯುವರಾಜ ಎದ್ದ. ಅಮ್ಮ ದೀರ್ಘವಾಗಿ ಉಸಿರುಬಿಟ್ಟಳು. ಮಂಗಳಕ್ಕೆ ಮದುವೆ ಬೇಕಲ್ಲ, ಮದುವೆ ಮಾಡಿಸಿದೆ. ಚಪ್ಪರ, ವಾಲಗ, ಊಟ. ಎಂದೂ ಕಥೆ ಕಟ್ಟಿದವನಲ್ಲ ನಾನು; ನನ್ನದೇ ಮದುವೆ ನೆನಪಿಗೆ ಬಂತು. ಮೂರನೇ ಪಂಕ್ತಿಗೆ ಪಾಯಸ ಸಾಲದೆ ಹೋಯಿತು. ರಾಜ ತಾನೇ ಬಿಂದಿಗೆ ಹಿಡಿದು ಹಾಲಿಗೆ ಓಡಿದ. ತರುವಷ್ಟರಲ್ಲಿ ಬೀಗರೆಲ್ಲ ಕೈ ತೊಳೆದಿದ್ದರು.

ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಹಾಲಿಗೆ ಯಾವೂರಿಗೆ ಓಡಿದ್ನಂತೆ ಆ ರಾಜ?"

ನಾನು ಪುಟದಿಂದ ತಲೆ ಎತ್ತಿದೆ. "ಚಿಕ್ಕಬಾಣಾವರಕ್ಕಮ್ಮ."

ಅವಳು ನಕ್ಕಳು. ನಗುತ್ತಾ ಕೆಮ್ಮಿದಳು, ಕೆಮ್ಮುತ್ತಾ ಮತ್ತೆ ನಕ್ಕಳು. "ಅಂತೂ ನಿಮ್ಮಪ್ಪನ್ನೂ ಕತೆಯೊಳಕ್ಕೆ ಕರ್ಕೊಂಬಂದೆ. ಬಂದೋರಿಗೆಲ್ಲ ಪಾಯಸ ಇಲ್ದೆ ಮುಖ ಸಣ್ಣ ಮಾಡ್ಕೊಂಡು ನಿಂತಿದ್ದ ಪಾಪ, ಬಿಂದಿಗೆ ಇಡ್ಕೊಂಡು." ಆಮೇಲೆ ವ್ಯಾಸಪೀಠದ ಕಡೆ ಕೈ ತೋರಿಸಿ ಹೇಳಿದಳು: "ಮಂಗಳ ಆಯ್ತಲ್ಲ. ಮುಚ್ಚು ಮಗ. ಎರಡನ್ನೂ ಮುಚ್ಚು."

ಅಡಿಕೆ ತೆಗೆದು ಮುಚ್ಚಿದೆ. ಅದೇ ವಾರ ಶುಕ್ರವಾರ ಅಮ್ಮ ಹೋದಳು.

ಎರಡನೇ ಭಾಗ

ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ದಿನ ಅಂಗಡಿಯವನು ಬಂದ. ಕಂಕುಳಲ್ಲಿ ಒಂದು ಪುಸ್ತಕ, ಇನ್ನೂ ಅಚ್ಚಿನ ವಾಸನೆ ಹೋಗದ್ದು. ಎರಡನೇ ಭಾಗ!

"ಸ್ಲೇಟಿಗೆ ಬರೆಯಕ್ಕೆ ಕೈ ಬರ್ಲಿಲ್ಲಣ್ಣ. ಮೊದ್ಲು ನೀವೇ ಓದಿ" ಅಂದ.

ದೀಪ ಹಚ್ಚಿ ಜೋರಾಗಿಯೇ ಓದಿದೆ. ಮೋಡದ ಗೆರೆ ಬಂದ ಕಡೆ ನನಗೆ ಗೊತ್ತಿಲ್ಲದೆಯೇ ದನಿ ತಗ್ಗಿತು. ಯುವರಾಜ ಎದ್ದದ್ದೇನೋ ನಿಜ. ಆದರೆ ಎದ್ದವನು ಈ ಸಂಸಾರವೆಲ್ಲ ಸುಳ್ಳೆಂದು ಕಿರೀಟ ಕಳಚಿಟ್ಟು, ಯಾರ ಮಾತೂ ಕೇಳದೆ ತಪಸ್ಸಿಗೆ ಕಾಡಿಗೆ ಹೋಗಿಬಿಟ್ಟ. ಮದುವೆಯಿಲ್ಲ, ಪಟ್ಟಾಭಿಷೇಕವಿಲ್ಲ. ಅವನ ತಾಯಿ ಅರಮನೆ ಬಾಗಿಲಲ್ಲಿ ಅಳುತ್ತಾ ನಿಂತಲ್ಲಿಗೆ ಕಥೆ ಮುಗಿದಿತ್ತು.

ಈ ಪುಟದಲ್ಲಿ ಹೇಗೆ ಮುಚ್ಚುವುದು? ಅಂಗಡಿಯವನೇ ಮುಂದೆ ಬಂದು, ಪುಸ್ತಕ ಎತ್ತಿಕೊಂಡು, ಕೊನೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ:

"ನಿಮ್ಮ ಭಾಗವೇ ವಾಸಿ ಕಣಣ್ಣ. ಅದ್ರಾಗೆ ಪಾಯಸ ಸಾಲ್ದೆ ಬಂತು, ಅಷ್ಟೇ. ಇವ್ರು ಮೂರು ತಿಂಗಳು ಕಾಯಿಸಿ ಊಟಾನೇ ಆಕ್ಸಿಲ್ಲ!"