ಬೀರು ಬಾಗಿಲಲ್ಲಿ ನಿಂತ ಭಾನುವಾರ

ಪೀಣ್ಯದ ಎರಡನೇ ಹಂತದಲ್ಲಿ ನನ್ನಷ್ಟು ಚೆನ್ನಾಗಿ ಗೆರೆ ಎಳೆಯುವವರು ಇನ್ನೊಬ್ಬರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದದ್ದು, ಬೇರೆ ಯಾರೂ ಹೇಳದ ಕಾರಣ. ಲೇತ್ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಡ್ರಾಫ್ಟ್ಸ್‌ಮನ್. ಯಾವ ವಸ್ತುವನ್ನಾದರೂ ಕೊಡಿ, ಮುಂದಿನಿಂದ ಹೇಗೆ, ಪಕ್ಕದಿಂದ ಹೇಗೆ, ಮೇಲಿನಿಂದ ಹೇಗೆ ಎಂದು ಮೂರು ಚಿತ್ರ ಬರೆದುಕೊಡುತ್ತಿದ್ದೆ. ಮೂರರಲ್ಲಿ ನನಗೆ ಮೇಲಿನಿಂದ ನೋಡುವುದೇ ಇಷ್ಟ. ಅಲ್ಲಿಂದ ಪ್ರಪಂಚ ಬಹಳ ಅಚ್ಚುಕಟ್ಟು. ಮೇಜು ಒಂದು ಚೌಕ, ಕೊಡ ಒಂದು ಸೊನ್ನೆ, ಮನುಷ್ಯ ಒಂದು ಸಣ್ಣ ಮೊಟ್ಟೆ.

ಎಂಬತ್ತೆರಡನೇ ಇಸವಿಯ ಬೇಸಿಗೆ. ನನ್ನ ಹೆಂಡತಿ ಭಾಗ್ಯಮ್ಮ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆಂದು ಆ ಭಾನುವಾರ ತವರಿಗೆ ಹೊರಡಬೇಕಿತ್ತು. ಕರೆದೊಯ್ಯಲು ಅತ್ತೆ ರಾಮಕ್ಕ ಬರುವವರಿದ್ದರು. ತವರೆಂದರೆ ಮಾದನಾಯಕನಹಳ್ಳಿ, ಬಸ್ಸಿನಲ್ಲಿ ಅರ್ಧ ಗಂಟೆ. ಆದರೂ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಎಷ್ಟು ದೂರವೆಂದು ನಾನು ನಾಲ್ಕು ಸಲ ಅಳೆದಿದ್ದೆ. ಪ್ರತಿ ಸಲವೂ ಜಾಸ್ತಿ ಅನ್ನಿಸಿತು.

ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಭಾಗ್ಯ ಮನೆಯಿಂದ ಹೊರಗೆ ಕಾಲಿಡಲೇಬೇಕು ಎಂದು ಅತ್ತೆ ಮೂರು ಸಲ ಹೇಳಿ ಕಳಿಸಿದ್ದರು. ನಾನು ಅದಕ್ಕಿಂತ ದೊಡ್ಡ ಸಂಕಲ್ಪ ಮಾಡಿದೆ. ಮಗುವಿನೊಡನೆ ಅವಳು ಹಿಂತಿರುಗಿ ಬರುವ ಕೋಣೆಯನ್ನು ಈಗಲೇ ಸಜ್ಜು ಮಾಡಿ, ಅವಳ ಕಣ್ಣಿಗೆ ತೋರಿಸಿಯೇ ಕಳಿಸುವುದು!

ಕೋಣೆ ಹತ್ತಡಿಗೆ ಹತ್ತಡಿ. ಅದರಲ್ಲಿ ಮಂಚ, ತೊಟ್ಟಿಲು, ಅವಳ ಹೊಲಿಗೆ ಮೆಷಿನ್ನು, ನಡುಮನೆಯಲ್ಲಿದ್ದ ಕಬ್ಬಿಣದ ಬೀರು ಎಲ್ಲವೂ ಹಿಡಿಯಬೇಕು. ಹದಿನೈದು ದಿನ ಸಂಜೆ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು ನಕ್ಷೆ ಬರೆದೆ.

"ರೀ, ಕಾಲು ಯಾಕೋ ಊದ್ಕೊಂಡಿದೆ."

"ಹೂಂ."

"ನೋಡಿ ಒಂಚೂರು."

"ನೋಡ್ತೀನಿ ಇರು. ಈ ತೊಟ್ಟಿಲು ಅರ್ಧ ಅಂಗುಲ ಸರಿಸಿಬಿಡ್ತೀನಿ."

ನಕ್ಷೆ ಮುಗಿದ ದಿನ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಮ್ಮನೆ ಸೂರು ಎಲ್ಲಿ ಹೋಯ್ತು?"

"ಮೇಲಿಂದ ನೋಡಿದ್ರೆ ಹೀಗೇ ಕಾಣೋದು."

"ಮೇಲಿಂದ ಯಾರು ನೋಡ್ತಾರೆ, ಕಾಗೆನಾ?"

ಅನಕ್ಷರಸ್ಥರೊಡನೆ ವಾದವೇಕೆ ಎಂದು ನಾನು ಸುಮ್ಮನಾದೆ. ಅವಳು ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹನ್ನೊಂದು ನಂಬರು ಹೆಚ್ಚು ತೆಗೆದವಳು ಎಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಕಾರ್ಯಾಚರಣೆ ಶುರು. ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಲ್ಲದರ ಜಾಗ ಗುರುತಿಸಿದ್ದೆ. ಮಂಚ ಹೋಯಿತು, ಮೆಷಿನ್ನು ಹೋಯಿತು. ಬೀರು ಎತ್ತಲು ಮನೆ ಮಾಲೀಕರಾದ ನರಸಪ್ಪನವರನ್ನು ಕರೆದೆ. ತಮ್ಮ ರಾಗಿ ಹೊಲದಲ್ಲಿ ಅವರು ಸಾಲಾಗಿ ಕಟ್ಟಿಸಿದ್ದ ಆರು ಮನೆಗಳಲ್ಲಿ ನಮ್ಮದು ನಾಲ್ಕನೆಯದು. ಗೆರೆಗೆ ಸರಿಯಾಗಿ ಬೀರು ಕೂತಿತೇ ಎಂದು ಹೇಳಲು ಭಾಗ್ಯಳನ್ನು ಕೋಣೆಯೊಳಗೆ ನಿಲ್ಲಿಸಿದೆ.

ಬೀರು ಬಾಗಿಲಿಗಿಂತ ಎತ್ತರ. ಬಗ್ಗಿಸಿ ಒಳಗೆ ತಳ್ಳಿದೆವು. ತಲೆ ಹೋಯಿತು, ಹೊಟ್ಟೆ ಹೋಯಿತು, ಕೊನೆಗೆ ಕಿರ್ರೆಂದು ಒಂದು ಸದ್ದು. ಆಮೇಲೆ ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮೇಲುಗಡೆ ಬಾಗಿಲ ಚೌಕಟ್ಟಿಗೆ, ಕೆಳಗಡೆ ಹೊಸಿಲಿಗೆ ಕಚ್ಚಿಕೊಂಡು, ತಾನೇ ಈ ಮನೆಯ ಹಿರಿಯ ಎಂಬಂತೆ ವಾಲಿ ನಿಂತಿತು. ಪಕ್ಕದಲ್ಲಿ ನಾಲ್ಕು ಬೆರಳು ತೂರುವಷ್ಟು ಸಂದಿ. ಕಿಟಕಿಗೆ ಕಂಬಿ. ಒಳಗೆ ನನ್ನ ಹೆಂಡತಿ.

ಮೂರೂಕಾಲು ಗಂಟೆಗೆ ಅತ್ತೆ ಬಂದರು. ಕೈಯಲ್ಲಿ ಮಲ್ಲಿಗೆ, ಹಣೆಯಲ್ಲಿ ಬೆವರು.

"ಅಳಿಯಂದಿರೇ, ನನ್ ಮಗಳೆಲ್ಲಿ?"

"ಬೀರು ಹಿಂದೆ ಇದಾಳೆ."

"ಅಮ್ಮಾ, ಇಲ್ಲೇ ಇದೀನಿ," ಎಂದಿತು ಬೀರು. "ಊಟ ಆಯ್ತಾ ನಿಂದು?"

ಅತ್ತೆ ಬೀರುವನ್ನೊಮ್ಮೆ, ಗಡಿಯಾರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬೀರುವಿನ ಮೇಲೆಯೇ ಅವರಿಗೆ ಹೆಚ್ಚು ಗೌರವವಿದ್ದಂತೆ ಕಂಡಿತು. ನಾನು ಉಳಿ ಸುತ್ತಿಗೆ ತಂದೆ. ಹೊಸಿಲನ್ನು ಒಂದಂಗುಲ ಕೆತ್ತಿದರೆ ಸಾಕು ಎಂಬುದು ನನ್ನ ಲೆಕ್ಕ.

"ಬಸ್ರಿ ಇರೋ ಮನೇಲಿ ಒಸ್ಲು ಕೆತ್ತಾರಾ ಯಾರಾದ್ರೂ?" ಎಂದು ಅತ್ತೆ ಉಳಿಯನ್ನು ಕಿತ್ತುಕೊಂಡರು.

"ಅರಿಸಿನ ಕುಂಕುಮ ಇಟ್ಟು ನಿಲ್ಸಿದ್ದು ಸಾರ್," ಎಂದು ನರಸಪ್ಪನವರು ಸುತ್ತಿಗೆಯನ್ನು ಕಿತ್ತುಕೊಂಡರು.

ಒಳಗಿನಿಂದ ಭಾಗ್ಯ ಕೇಳಿದಳು. "ರೀ, ನಿಮ್ಮ ಡ್ರಾಯಿಂಗಲ್ಲಿ ಹೊಸಿಲು ಎಲ್ಲಿದೆ?"

"ಇದೆಯಲ್ಲ, ಎರಡು ಗೆರೆ."

"ಆ ಗೆರೆ ಎಷ್ಟು ಎತ್ತರ?"

ಗೆರೆಗೆ ಎತ್ತರವಿರುವುದಿಲ್ಲ. ಅಷ್ಟೇ ಅಲ್ಲ, ನನ್ನ ನಕ್ಷೆಯಲ್ಲಿ ಬೀರು ಆಗಲೇ ಗೋಡೆಗೊರಗಿ ನಿಂತುಬಿಟ್ಟಿತ್ತು. ಅದು ಅಲ್ಲಿಗೆ ಹೇಗೆ ಬಂತು, ಯಾವ ದಾರಿಯಲ್ಲಿ ನಡೆದು ಬಂತು ಎಂದು ಕಾಗದ ನನ್ನನ್ನು ಕೇಳಿರಲೇ ಇಲ್ಲ.

ಮೂರೂ ಮುಕ್ಕಾಲು. ಭಾಗ್ಯ ಒಳಗೆ ನೆಲದ ಮೇಲೆ ಕೂತು ಬಗ್ಗಿ ನೋಡಿದಳು. "ಒಂದು ಕಾಲು ಹೊಸಿಲಿಗೆ ಸಿಕ್ಕೊಂಡಿದೆ. ಎಡಗಡೆ ಎತ್ತಿ."

ಎತ್ತಿದೆವು. ಬೀರು ಇನ್ನಷ್ಟು ಬಿಗಿಯಾಯಿತು, ಚೌಕಟ್ಟಿನಿಂದ ಸುಣ್ಣ ಉದುರಿತು.

"ನಿಮ್ಮ ಎಡ ಅಲ್ಲ ರೀ, ನನ್ನ ಎಡ."

"ಮೊದ್ಲೇ ಹೇಳ್ಬಾರ್ದಾ? ನರಸಪ್ಪನೋರೇ, ಬಲಗಡೆ."

ನರಸಪ್ಪನವರು ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ಬಲ ನನ್ನ ಎಡವಾಗಿತ್ತು. ಇದ್ದದ್ದು ಒಂದೇ ಬೀರು. ನಾವು ಅದನ್ನು ಎರಡು ಬಲಗಳ ಕಡೆಗೆ ಒಟ್ಟಿಗೆ ಎಳೆಯುತ್ತಿದ್ದೆವು.

"ಎಡ ಬಲ ಬಿಡ್ರಪ್ಪ," ಎಂದರು ಅತ್ತೆ. "ಅದು ಮನುಸ ತಿರುಗಿದಂಗೆಲ್ಲ ತಿರುಗ್ತದೆ. ಭಾಗ್ಯಾ, ಮೂಡ್ಲು ಪಡುವ್ಲು ಅನ್ನು ಮಗ."

"ಮೂಡ್ಲ ಕಡೆ ಕಾಲು ಎತ್ತಬೇಕಮ್ಮ," ಎಂದು ತಕ್ಷಣ ಉತ್ತರ ಬಂತು. ನರಸಪ್ಪನವರ ಕೈ ನೇರವಾಗಿ ಸರಿಯಾದ ಮೂಲೆಗೆ ಹೋಯಿತು. ನಾನು ಮಾತ್ರ ನಿಂತೇ ಇದ್ದೆ.

"ಅಳಿಯಂದಿರೇ, ಮೂಡ್ಲು."

"ಅದು... ಯಾವ ಕಡೆ?"

ಮೂರು ವರ್ಷದಿಂದ ನಾನು ಆ ಮನೆಯಲ್ಲಿದ್ದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ವಿಚಾರಿಸುವಂತೆ ಅತ್ತೆ ಮೆಲ್ಲಗೆ ಕೇಳಿದರು. "ಬೆಳಿಗ್ಗೆ ಬಿಸ್ಲು ಎಲ್ಲಿಂದ ಬತ್ತದಪ್ಪ?"

"ನಾನು ಏಳೋ ಹೊತ್ತಿಗೆ ಎಲ್ಲಾ ಕಡೆಯಿಂದ್ಲೂ ಬಂದಿರುತ್ತೆ."

ಬೀರುವಿನ ಹಿಂದೆ ಯಾರೋ ನಗು ತಡೆದುಕೊಂಡರು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಜಾಗದಲ್ಲಿ ನಿಂತರು. ನನಗೆ ಹೊಸ ಹುದ್ದೆ ಸಿಕ್ಕಿತು: ನೆಲದ ಮೇಲೆ ಬೋರಲು ಮಲಗಿ, ಕಾಲು ಹೊಸಿಲು ಬಿಟ್ಟ ಕೂಡಲೇ ಕೂಗುವುದು. ಗಲ್ಲವನ್ನು ಸಿಮೆಂಟಿಗೆ ಒತ್ತಿ ಬೀರುವಿನ ಅಡಿಯಿಂದ ನೋಡಿದೆ. ನನ್ನ ಮನೆಯನ್ನು ಅಷ್ಟು ಕೆಳಗಿನಿಂದ ನಾನೆಂದೂ ನೋಡಿರಲಿಲ್ಲ. ಧೂಳು, ಒಂದು ಅಂಗಿ ಗುಂಡಿ, ಅದರಾಚೆ ಎದ್ದು ನಿಂತಿದ್ದ ಭಾಗ್ಯಳ ಎರಡು ಪಾದ.

ಪಾದಗಳು ಬನ್ನಿನ ಹಾಗೆ ಊದಿದ್ದವು. ಬೆಳ್ಳಿಯ ಕಾಲುಂಗುರ ಬೆರಳಿನೊಳಗೆ ಇಳಿದು, ಸುತ್ತ ಕೆಂಪಗೆ ಗೆರೆ ಬಿದ್ದಿತ್ತು. ಹದಿನೈದು ದಿನದಿಂದ ಅವಳು ನನಗೆ ಇದನ್ನೇ ಹೇಳುತ್ತಿದ್ದಳು. ನಕ್ಷೆಯಲ್ಲಿ ಅವಳನ್ನೊಂದು ಸಣ್ಣ ಮೊಟ್ಟೆಯಾಗಿ ಬರೆದು ಮುಗಿಸಿದ್ದೆ, ಮೊಟ್ಟೆಗೆ ಪಾದಗಳಿರಲಿಲ್ಲ.

"ಬಿಡ್ತಾ?" ಎಂದು ಮೇಲಿನಿಂದ ಅತ್ತೆ ಕೂಗಿದರು.

"ಭಾಗ್ಯಾ, ನಿನ್ನ ಕಾಲು..."

"ನನ್ನ ಕಾಲಲ್ಲ ರೀ, ಬೀರು ಕಾಲು ನೋಡಿ."

ಬೀರು ಕಾಲು ಆಗಲೇ ಹೊಸಿಲು ಬಿಟ್ಟಿತ್ತು. ನಾನು ಕೂಗಿದೆ. ನರಸಪ್ಪನವರೂ ಅತ್ತೆಯೂ ಒಂದೇ ಉಸಿರಿಗೆ ಎಳೆದರು. ಬೀರು ನಡುಮನೆಗೆ ಬಂದು ನಿಂತಿತು. ನಾಲ್ಕು ಗಂಟೆ ಹದಿನೆಂಟು ನಿಮಿಷ.

ಭಾಗ್ಯ ಹೊರಗೆ ಬಂದು ನೀರು ಕುಡಿದಳು. ಅತ್ತೆ ಅವಳ ಮುಡಿಗೆ ಹೂವಿಟ್ಟು, "ನಡಿ, ನಡಿ, ಒತ್ತಾತು," ಎಂದು ಚೀಲ ಎತ್ತಿಕೊಂಡರು.

"ಎರಡು ನಿಮಿಷ," ಎಂದೆ ನಾನು.

"ಇನ್ನೇನು ಬರೀಬೇಕು ನೀವು?" ಎಂದಳು ಭಾಗ್ಯ.

ನಾನು ಪೆಟ್ಟಿಗೆಯಿಂದ ಸಣ್ಣ ಇಕ್ಕಳ ತಂದು ಅವಳ ಮುಂದೆ ನೆಲಕ್ಕೆ ಕೂತೆ, ಪಾದವನ್ನು ತೊಡೆಯ ಮೇಲೆ ತೆಗೆದುಕೊಂಡೆ. ಗಂಡ ಹೆಂಡತಿಯ ಕಾಲು ಹಿಡಿಯುವುದು, ಅದೂ ಹಿರಿಯರೆದುರು! ಅತ್ತೆ ತಟ್ಟನೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದರು. ನರಸಪ್ಪನವರಿಗೆ ಸೂರಿನ ಹೆಂಚು ಪರೀಕ್ಷಿಸುವುದು ನೆನಪಾಯಿತು.

"ಬಿಡಿ, ಎಲ್ಲರೂ ಇದಾರೆ," ಎಂದು ಭಾಗ್ಯ ಪಿಸುಗುಟ್ಟಿದಳು. ಪಾದವನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಕಾಲುಂಗುರಗಳನ್ನು ಬೆರಳಿನಿಂದ ತೆಗೆಯದೆ ಅವುಗಳ ಬಾಯನ್ನು ಒಂದೊಂದಾಗಿ ಅಗಲಿಸಿದೆ. ಎಲ್ಲೂ ತಾಗಬಾರದೆಂದು ನನ್ನ ಬೆರಳನ್ನೇ ನಡುವೆ ಇಟ್ಟಿದ್ದೆ. ಅವಳು ಬೆರಳುಗಳನ್ನು ಮೆಲ್ಲಗೆ ಆಡಿಸಿ, ನಿಟ್ಟುಸಿರು ಬಿಟ್ಟಳು. ನಾಲ್ಕು ಇಪ್ಪತ್ತಾರಕ್ಕೆ ಬೀದಿಗೆ ಕಾಲಿಟ್ಟಳು. ನಾನು ಬಸ್ ಸ್ಟಾಪಿನವರೆಗೂ ಚೀಲ ಹೊತ್ತೆ.

"ಉಂಗುರ ಸರಿ ಇದ್ಯಾ?" ಎಂದು ಕೇಳಿದೆ.

"ಹೂಂ. ಅಳತೆ ತಗೊಂಡಿದ್ರಾ?"

"ಇಲ್ಲ."

"ಅದಕ್ಕೇ ಸರಿಯಾಗಿದೆ," ಎಂದು ಬಸ್ಸು ಹತ್ತಿದಳು.