ನ್ಯೂ ಮಾಲ್ಡನ್ನಿನ ಮೀನಿಲ್ಲದ ಎಲೆಕೋಸು

ಇತಿಹಾಸಪ್ರಸಿದ್ಧ ಊರಿನಲ್ಲಿ ಹುಟ್ಟಿದವರಿಗೆ ಒಂದು ಕಾಯಿಲೆ ಇರುತ್ತದೆ. ಊರಿನ ಕೋಟೆಯನ್ನೋ ಗುಮ್ಮಟವನ್ನೋ ತಮ್ಮ ಅಜ್ಜನೇ ಎದುರು ನಿಂತು ಕಟ್ಟಿಸಿದ ಹಾಗೆ ಮಾತಾಡುವುದು. ನಾನು ವಿಜಾಪುರದವನು. ಕಾಯಿಲೆ ಹುಟ್ಟಿನಿಂದಲೇ ಇತ್ತು, ಲಂಡನ್ನಿನ ಥಂಡಿಗೆ ಉಲ್ಬಣಿಸಿತು. ತೊಂಬತ್ತರ ದಶಕದ ಕೊನೆಯಲ್ಲಿ ಗ್ರೀನ್‌ಫರ್ಡಿನ ಒಂದು ಗೋದಾಮಿನ ಆಫೀಸಿನಲ್ಲಿದ್ದೆ. ಪಿಸುಮಾತನ್ನು ಏಳು ಸಲ ಹಿಂತಿರುಗಿಸುವ ಗೋಲಗುಮ್ಮಟದ ವರ್ಣನೆಯಿಲ್ಲದೆ ಅಲ್ಲಿ ಒಂದು ಟೀ ವಿರಾಮವೂ ಮುಗಿಯುತ್ತಿರಲಿಲ್ಲ. ಇಂಗ್ಲಿಷರು ಸಭ್ಯರು, ತಲೆಯಾಡಿಸುತ್ತ ಬಿಸ್ಕತ್ತು ತಿನ್ನುತ್ತಿದ್ದರು. ನಿಜವಾಗಿ ಕೇಳುತ್ತಿದ್ದವರು ಪಕ್ಕದ ಮೇಜಿನ ಹಾನ್ ಮೇಡಂ ಒಬ್ಬರೇ.

ಹಾನ್ ಮೇಡಂ ಕೊರಿಯಾದವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಊರು ಗ್ಯೊಂಗ್ಜು. ಅಲ್ಲಿಯೂ ಊರ ನಡುವೆಯೇ ಹಳೆಯ ರಾಜರು ಮಲಗಿದ್ದಾರಂತೆ, ಆದರೆ ಗುಮ್ಮಟದ ಕೆಳಗಲ್ಲ, ಹುಲ್ಲು ಬೆಳೆದ ದುಂಡನೆಯ ದಿಬ್ಬಗಳ ಕೆಳಗೆ. ದಿಬ್ಬದ ಪಕ್ಕದಲ್ಲೇ ಬಸ್ಸು, ಅಂಗಡಿ, ಶಾಲೆ. ಕಾಯಿಲೆಯವರಿಗೆ ಕಾಯಿಲೆಯವರು ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಎರಡು ವರ್ಷ ನಾವು ಗೋರಿಗಳ ಬಗ್ಗೆ ಹರಟಿದೆವು. ಕೊನೆಗೊಂದು ದಿನ ಅವರು, ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ನಮ್ಮ ನ್ಯೂ ಮಾಲ್ಡನ್ನಿಗೆ ಬನ್ನಿ, ನಮ್ಮೂರವರದೇ ಒಂದು ಹೋಟೆಲಿದೆ ಎಂದರು.

ನಾವಿದ್ದ ಹ್ಯಾರೋದಿಂದ ಟ್ಯೂಬು, ವಾಟರ್ಲೂದಿಂದ ರೈಲು. ಇಳಿದು ನೋಡಿದರೆ ಅಂಗಡಿಗಳ ಬೋರ್ಡೆಲ್ಲ ಕೊರಿಯನ್ ಲಿಪಿಯ ಗೆರೆ, ವೃತ್ತ, ಚೌಕ. ನಮ್ಮ ಪಕ್ಕದ ಕಿಂಗ್ಸ್‌ಬರಿಯಲ್ಲಿ ಗುಜರಾತಿ ಬೋರ್ಡು ಓದಲಾಗದೆ ನಿಲ್ಲುವ ಇಂಗ್ಲಿಷರ ಮುಖ ನನಗೆ ಆವತ್ತು ಅರ್ಥವಾಯಿತು. ಹೋಟೆಲು ಚಿಕ್ಕದು, ಕನ್ನಡಿಯಂತೆ ಚೊಕ್ಕ. ಗೋಡೆಯ ಮೇಲೆ ಆ ಹಸಿರು ದಿಬ್ಬಗಳ ಫೋಟೋ. ಕೂತ ಎರಡು ನಿಮಿಷದಲ್ಲಿ ಹನ್ನೆರಡು ಪುಟ್ಟ ಬಟ್ಟಲುಗಳು ಬಂದವು. ಮದುವೆಯೂಟದ ಎಲೆಯನ್ನು ಯಾರೋ ಬಿಡಿ ಬಿಡಿಯಾಗಿ ಎತ್ತಿಟ್ಟಂತೆ ಕಾಣುತ್ತಿತ್ತು.

ಇಲ್ಲಿ ನನ್ನ ಬುದ್ಧಿ ಕೆಟ್ಟಿತು. ನಾವು ಸಸ್ಯಾಹಾರಿಗಳು, ಕೊರಿಯಾದವರು ಎಲೆಕೋಸಿನ ಉಪ್ಪಿನಕಾಯಿಗೂ ಮೀನಿನ ರಸ ಹಾಕುತ್ತಾರೆಂದು ಯಾರೋ ಹೇಳಿದ್ದರು. ನಾನು ಒಂದೊಂದೇ ಬಟ್ಟಲನ್ನು ಎತ್ತಿ, ಮೂಸಿ, ಇದರಲ್ಲಿ ಮೀನಿದೆಯೇ, ಸಿಗಡಿ ಇದೆಯೇ, ಮೀನಿನ ಚಮಚವನ್ನೇ ಇದರಲ್ಲೂ ಮುಳುಗಿಸಿದ್ದೀರಾ ಎಂದು ಮಾಲೀಕನನ್ನು ವಿಚಾರಣೆ ಮಾಡತೊಡಗಿದೆ. ಅವನು ಪ್ರತಿಸಲವೂ ಇಲ್ಲ ಎಂದ. ನಾನು ಪ್ರತಿಸಲವೂ ಇನ್ನೊಮ್ಮೆ ಕೇಳಿದೆ. ಹಾನ್ ಮೇಡಂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮೇಜಿನ ಅಂಚನ್ನೇ ನೋಡುತ್ತಿದ್ದರು.

ಎಂಟನೆಯ ಬಟ್ಟಲಿಗೆ ಮಾಲೀಕ ಒಳಗೆ ಹೋಗಿ ಒಂದು ಗಾಜಿನ ಭರಣಿ ತಂದಿಟ್ಟ. ಅದರ ಮೇಲೆ ಇಂಗ್ಲಿಷಿನಲ್ಲಿ ನಮ್ಮ ಹೆಸರು ಬರೆದ ಚೀಟಿ ಅಂಟಿಸಿತ್ತು: ‘ಕುಲಕರ್ಣಿ ಕುಟುಂಬ. ಮೀನಿಲ್ಲ.’

"ಈ ಮೇಡಂ ಮೂರು ವಾರದ ಹಿಂದೆ ಬಂದು ತಾವೇ ಹಾಕಿದರು," ಎಂದ. "ನನ್ನ ಪಾತ್ರೆ ಬೇಡ ಅಂತ ಮನೆಯಿಂದ ಹೊಸ ಪಾತ್ರೆ ತಂದಿದ್ದರು."

ಮೂರು ವಾರದ ಹಿಂದೆ ನಮ್ಮನ್ನು ಇನ್ನೂ ಕರೆದೇ ಇರಲಿಲ್ಲ. ಎಲೆಕೋಸು ಹುಳಿಯುವವರೆಗೆ ಕಾದು ಕರೆದಿದ್ದರು. ಮೂಸುತ್ತಿದ್ದ ಬಟ್ಟಲನ್ನು ಕೆಳಗಿಟ್ಟೆ. ಮರ್ಯಾದೆ ಉಳಿಸಿದವಳು ಹೆಂಡತಿ ಸುಧಾ. ಅವಳು ಅಷ್ಟರಲ್ಲೇ ಒಂದು ಬಟ್ಟಲಿನ ಕೆಂಪು ಖಾರವನ್ನು ಅನ್ನಕ್ಕೆ ಕಲಸಿ ಬಾಯಿಗಿಟ್ಟುಕೊಂಡಿದ್ದಳು.

"ಇದು ನಮ್ಮ ರಂಜಕದ ಅಕ್ಕ ಆಗಬೇಕ್ರಿ," ಎಂದಳು. "ನೀವು ಸುಮ್ನ ಉಣ್ರಿ."

ಹಸಿ ಕೆಂಪು ಮೆಣಸಿನಕಾಯಿ ರುಬ್ಬಿ ಹುಳಿಗಿಡುವ ನಮ್ಮ ಕಡೆಯ ರಂಜಕವೆಂದರೆ ಏನೆಂದು ಸುಧಾ ಹಾನ್ ಮೇಡಮ್ಮಿಗೆ ಅರ್ಧ ಇಂಗ್ಲಿಷಿನಲ್ಲೂ ಅರ್ಧ ಕೈಯಲ್ಲೂ ವಿವರಿಸಿದಳು. ಆಮೇಲೆ ಅವರಿಬ್ಬರಿಗೆ ನಾನು ಬೇಕಾಗಲಿಲ್ಲ. ನಾನು ಭರಣಿಯ ಕಾಲುಭಾಗ ಖಾಲಿ ಮಾಡಿ ಕ್ಷಮೆ ಕೇಳಿದೆ. ಮೇಡಂ ನಕ್ಕು, ಗುಮ್ಮಟದ ಮೇಲೆ ನಿಂತು ನೀವು ಮೊದಲ ಸಲ ಪಿಸುಗುಟ್ಟಿದ ಮಾತು ಯಾವುದು ಎಂದು ಕೇಳಿದರು. ನನ್ನನ್ನು ಸಮಾಧಾನಪಡಿಸಲೆಂದೇ ಕೇಳಿರಬೇಕು.

"ಇವರು ಮ್ಯಾಲೆ ಹತ್ತೇ ಇಲ್ಲ," ಎಂದಳು ಸುಧಾ. "ತಲಿ ತಿರಗತದಂತ ಕೆಳಗ ನಿಂತಿದ್ರು. ಹತ್ತಿದಾಕಿ ನಾನು."

ಮಗಳು ಅದನ್ನು ಇಂಗ್ಲಿಷಿಗೆ ಅನುವಾದಿಸಿದಳು. ಅವಳು ಸ್ವಇಚ್ಛೆಯಿಂದ ಮಾಡಿದ ಮೊದಲ ಕನ್ನಡ ಸೇವೆ ಅದು. ಮೇಡಂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಚಿಕ್ಕಂದಿನಲ್ಲಿ ತಾವು ರಾಜನ ದಿಬ್ಬದಿಂದ ಜಾರುಬಂಡೆ ಆಡಿ ಕಾವಲುಗಾರನ ಕೈಗೆ ಸಿಕ್ಕಿದ್ದನ್ನು ಅವರೂ ಒಪ್ಪಿಕೊಂಡರು.

ಮುಂದಿನ ವಸಂತದಲ್ಲಿ ಮೇಡಂ ಊರಿಗೆ ಹೊರಟಾಗ ಸುಧಾಳನ್ನೂ ಕರೆದೊಯ್ದರು. ನನಗೆ ರಜೆ ಸಿಗಲಿಲ್ಲ. ಒಂದು ಬೆಳಿಗ್ಗೆ ಗ್ಯೊಂಗ್ಜುವಿನಿಂದ ಫೋನು ಬಂತು. ಅಲ್ಲಿ ಸಂಜೆ. ಕೆರೆಯಲ್ಲಿ ಹಂಸದ ದೋಣಿ ತುಳಿದಳಂತೆ, ನಕ್ಷತ್ರ ನೋಡುವ ಕಲ್ಲಿನ ಗೋಪುರ ಕಂಡಳಂತೆ. ಅನ್ನವನ್ನು ಎಲೆಯಲ್ಲಿ ಸುತ್ತಿ ತಿನ್ನುವ ಹೋಟೆಲುಗಳ ಸಾಲೇ ಇದೆಯಂತೆ, ಹೂರಣದ ಹಾಗೆ ಕೆಂಪು ಕಾಳಿನ ಸಿಹಿ ತುಂಬಿದ ಬಿಸ್ಕತ್ತು ಇದೆಯಂತೆ. ಬೆಟ್ಟದ ಗುಹೆಯ ಬುದ್ಧನ ಎದುರು ಸುಮ್ಮನೆ ಕೂತು ಅತ್ತಳಂತೆ, ಯಾಕೆಂದು ಗೊತ್ತಿಲ್ಲ.

"ನೀವು ನಾಷ್ಟಾ ಮಾಡಿದ್ರೇನು?" ಎಂದು ಕೇಳಿದಳು.

ಉಪ್ಪಿಟ್ಟು ಆಗ್ತಾ ಇದೆ, ಎಲ್ಲ ಸುಸೂತ್ರ ಎಂದೆ. ಅಷ್ಟರಲ್ಲಿ ನೆತ್ತಿಯ ಮೇಲೆ ಹೊಗೆಯ ಅಲಾರಾಂ ಕೀರಲು ದನಿಯಲ್ಲಿ ಅರಚಿಕೊಂಡಿತು. ಹೊಗೆಯಲ್ಲಿ ಅಡುಗೆಮನೆ ಕಾಣುತ್ತಿರಲಿಲ್ಲ. ಇದು ಟಿವಿಯ ಸದ್ದು ಎಂದು ಹೇಳಲು ಬಾಯಿ ತೆರೆದೆ. ಆಚೆ ಕಡೆ ಫೋನು ಕೈಬದಲಾಯಿತು.

"ಮಿಸ್ಟರ್ ಕುಲಕರ್ಣಿ," ಎಂದರು ಹಾನ್ ಮೇಡಂ ಬಹಳ ಶಾಂತವಾಗಿ, "ಮೊದಲು ಗ್ಯಾಸು ಆರಿಸಿ. ಆಮೇಲೆ ಕಿಟಕಿ."